ಚಿನ್ನದೂರಿನಲ್ಲಿ ನಾನು ಬಗ್ಗಿದ ಫೋಟೋ

ನನ್ನ ಫೋನಿನಲ್ಲಿ ಅರ್ಧ ಯುರೋಪು ಇದೆ, ಆದರೆ ಎಲ್ಲವೂ ನನ್ನ ಬೆನ್ನ ಹಿಂದೆ ಇದೆ. ಕೋಟೆ, ಚರ್ಚು, ಸೇತುವೆ, ಸರೋವರ, ಹಿಮದ ಬೆಟ್ಟ, ಯಾವುದನ್ನೇ ತೆಗೆದು ನೋಡಿ, ಮುಂದೆ ನಾನು ನಿಂತಿರುತ್ತೇನೆ. ಕೋಟೆ ಪಾಪ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದವರ ಹಾಗೆ ನನ್ನ ಭುಜದ ಮೇಲಿಂದ ಇಣುಕುತ್ತಿರುತ್ತದೆ. ಕಟ್ಟಿಸಿದ ರಾಜನೇ ಬಂದು ನೋಡಿದರೂ ಅದು ತನ್ನದೆಂದು ಗುರುತು ಹಿಡಿಯುವುದು ಕಷ್ಟ. ಇದನ್ನು ಹೇಳಿಕೊಳ್ಳಲು ನನಗೆ ಮೊನ್ನೆ ಮೊನ್ನೆಯವರೆಗೂ ನಾಚಿಕೆ ಇರಲಿಲ್ಲ. ಈಗ ಇದೆ, ಬೇಕಾದಷ್ಟಿದೆ. ಅದು ಎಲ್ಲಿಂದ ಬಂತು ಎನ್ನುವುದನ್ನು ನಿಮಗೆ ಹೇಳಿಬಿಟ್ಟರೆ ಸ್ವಲ್ಪ ಹಗುರಾಗಬಹುದು ಎಂದು ಕೂತಿದ್ದೇನೆ.

ಇದು ನನ್ನೊಬ್ಬಳ ಚಾಳಿ ಅಲ್ಲ ಎಂದು ಮೊದಲೇ ಹೇಳುತ್ತೇನೆ. ತಪ್ಪಿನಲ್ಲಿ ಪಾಲುದಾರರಿದ್ದರೆ ಒಂದು ಸಮಾಧಾನ. ನಮ್ಮ ಕಡೆಯವರು ಪ್ರವಾಸಕ್ಕೆ ಹೋದಾಗ ಬಸ್ಸಿಳಿದು ಮಾಡುವ ಮೊದಲ ಕೆಲಸವೆಂದರೆ ನೋಡಲು ಬಂದ ವಸ್ತುವಿಗೆ ಬೆನ್ನು ತಿರುಗಿಸುವುದು. ನಮ್ಮ ತಾತನದೊಂದು ಫೋಟೋ ಮೈಸೂರಿನ ಮನೆಯಲ್ಲಿ ಈಗಲೂ ಇದೆ. ಅರಮನೆ, ಕಾರಂಜಿ, ಎರಡು ಹಂಸ ಬರೆದ ಪರದೆ ಇಳಿಬಿಟ್ಟು, ಅದರ ಮುಂದೆ ಕುರ್ಚಿ ಹಾಕಿ ಸ್ಟುಡಿಯೋದವರು ತೆಗೆದದ್ದು. ನಿಜವಾದ ಅರಮನೆಗೆ ನಡೆದುಕೊಂಡು ಹೋಗಬಹುದಾದ ಊರಿನಲ್ಲಿ ಬಟ್ಟೆಯ ಅರಮನೆಯ ಮುಂದೆ ಕೂತ ತಾತ, ಕೋರ್ಟಿಗೆ ಸಾಕ್ಷಿ ಹೇಳಲು ಬಂದವರಂತೆ ಬಿಗಿಯಾಗಿದ್ದಾರೆ. ಆಗಿನ ಕ್ಯಾಮೆರಾಗಳ ಮುಂದೆ ಅಲ್ಲಾಡುವಂತಿರಲಿಲ್ಲವಂತೆ, ನಕ್ಕರೆ ಬಾಯಿ ಮಸುಕಾಗುತ್ತಿತ್ತಂತೆ. ಮೊಮ್ಮಗಳಾದ ನಾನು ನಗುತ್ತೇನೆ ಎನ್ನುವುದು ಬಿಟ್ಟರೆ ಉಳಿದದ್ದೆಲ್ಲ ಹಾಗೇ ನಡೆದುಕೊಂಡು ಬಂದಿದೆ. ಪರದೆ ಮಾತ್ರ ದೊಡ್ಡದಾಗಿದೆ.

ಇಲ್ಲಿ ಜರ್ಮನಿಯಲ್ಲಿ, ನೊಯ್‌ಬಿಬರ್ಗಿನ ನಮ್ಮ ಆಫೀಸಿನಲ್ಲಿ, ಪಕ್ಕದ ಮೇಜಿನವಳು ಬಿರ್ಗಿಟ್. ಒಮ್ಮೆ ರಜೆ ಮುಗಿಸಿ ಬಂದು ಫೋಟೋ ತೋರಿಸಿದಳು. ಒಂದು ಬಂಡೆ, ಒಂದು ದೋಣಿ, ಮಂಜು, ಯಾರೂ ಕೂತಿರದ ಬೆಂಚು, ಮತ್ತೆ ಅದೇ ಬಂಡೆ. ಕೊನೆಯವರೆಗೂ ನೋಡಿ, "ಯಾಕೆ, ನೀನು ಹೋಗಲಿಲ್ವಾ?" ಎಂದು ಕೇಳಿದೆ. ನಾನು ಮನಃಪೂರ್ವಕವಾಗಿ ಕೇಳಿದ್ದು. ಹಾಗಾದರೆ ಇವನ್ನೆಲ್ಲ ತೆಗೆದವರು ಯಾರು ಎಂದುಕೊಂಡೆ ಎಂದು ಅವಳು ನನ್ನನ್ನೇ ಕೇಳಿದಳು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಶ್ರೀಧರನಿಗೂ ಅವಳ ಬಗ್ಗೆ ಕನಿಕರವೇ ಆಯಿತು.

ಹೀಗಿರುವಾಗ ಮೇ ತಿಂಗಳಲ್ಲಿ ಒಂದು ಬ್ರುಕೆನ್‌ಟಾಗ್ ಬಂತು. ಗುರುವಾರ ಸರ್ಕಾರಿ ರಜೆ ಬಂದರೆ ಶುಕ್ರವಾರವನ್ನೂ ಸೇತುವೆಯ ಹಾಗೆ ಸೇರಿಸಿ ವಾರಾಂತ್ಯಕ್ಕೆ ದಾಟಿಕೊಳ್ಳುವುದಕ್ಕೆ ಇಲ್ಲಿಯವರು ಇಟ್ಟ ಹೆಸರು ಅದು. ಅಂಥ ದಿನ ಮನೆಯಲ್ಲಿ ಕೂತರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ತಲೆ ಎತ್ತುವಂತಿಲ್ಲ. ಹತ್ತಿರದ ಸರೋವರಗಳನ್ನೆಲ್ಲ ನಾವೆಲ್ಲರೂ ಬೆನ್ನ ಹಿಂದೆ ಹಾಕಿಕೊಂಡು ಮುಗಿಸಿಯಾಗಿತ್ತು. ಯಾರೂ ಹೋಗಿರದ ಜಾಗ ಬೇಕಿತ್ತು. ಶ್ರೀಧರ ಹುಡುಕಿ ತೆಗೆದ: ನಮ್ಮ ಬವೇರಿಯಾ ರಾಜ್ಯದ ಉತ್ತರ ಭಾಗದಲ್ಲಿ, ಫಿಖ್ಟೆಲ್ ಬೆಟ್ಟಗಳ ಬುಡದಲ್ಲಿ, ಹಿಂದೊಂದು ಕಾಲದಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದು ಕಟ್ಟಿದ ಊರು. ಹೆಸರು ಹೇಳುವುದಿಲ್ಲ. ಅಲ್ಲಿಗೆ ನಿಮ್ಮಲ್ಲಿ ಯಾರಾದರೂ ಹೋಗಿ, ನಾನು ಇಂಥವಳ ಪರಿಚಯದವನು ಎಂದುಬಿಟ್ಟರೆ ಎಂಬ ಭಯ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲಿ ಚಿನ್ನ ಕಮ್ಮಿಗೆ ಸಿಗತ್ತೇನೇ?" ಅಂದರು.

"ಅಮ್ಮಾ, ಅದು ಗಣಿ, ಅಂಗಡಿ ಅಲ್ಲ. ಅದೂ ಮುಚ್ಚಿ ಎಷ್ಟೋ ಕಾಲ ಆಯ್ತು. ಸುಮ್ನೆ ಒಳಗೆ ಕರ್ಕೊಂಡ್ ಹೋಗಿ ತೋರಿಸ್ತಾರೆ."

"ಮುಚ್ಚಿರೋ ಗಣಿ ನೋಡಕ್ಕೆ ಅಷ್ಟು ದೂರ ಹೋಗ್ತೀರಾ? ಕೋಲಾರದ್ದೂ ಮುಚ್ಚಿದೆಯಲ್ಲ, ಅದನ್ನ ನೋಡಿದ್ಯಾ?"

ನೋಡಿಲ್ಲ. ಬೆಂಗಳೂರಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ಒಂದು ಭಾನುವಾರ ಆ ಕಡೆ ಹೋಗಬೇಕು ಅನ್ನಿಸಿರಲಿಲ್ಲ. ಸಿಗ್ನಲ್ ಸರಿಯಿಲ್ಲ ಎಂದು ಫೋನಿಟ್ಟೆ.

ಊರು ಚಿನ್ನದ್ದು ಎಂದ ಮೇಲೆ ಉಡುಪೂ ಒಪ್ಪಬೇಕಲ್ಲ. ಮದುವೆ ಮನೆಗಳಿಗೆಂದು ತಂದಿಟ್ಟಿದ್ದ, ಅರಿಶಿನ ಬಣ್ಣದ ಮೇಲೆ ಅಗಲ ಜರಿಯಂಚಿನ ಮೈಸೂರು ರೇಷ್ಮೆ ಸೀರೆ ಉಟ್ಟೆ. ಕಾಲಿಗೆ ವಾಕಿಂಗ್ ಶೂ, ಕಣ್ಣಿಗೆ ಕೂಲಿಂಗ್ ಗ್ಲಾಸ್. ಎಂಟನೇ ಕ್ಲಾಸಿನಲ್ಲಿ ಓದುವ ಮಗಳು ಅನಘಾ ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೈನ್‌ಲಿಷ್" ಅಂದಳು. ಮುಜುಗರ, ಮಾನ ಹೋಗುವಂಥದ್ದು ಎನ್ನುವುದಕ್ಕೆ ಜರ್ಮನ್ನರ ಮಾತು ಅದು. ನಾನು ಟ್ರೇನಿನಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿದರೆ ಪೈನ್‌ಲಿಷ್, ಅವಳ ಗೆಳತಿಯರ ಮುಂದೆ ಪುಟ್ಟಿ ಎಂದು ಕರೆದರೆ ಪೈನ್‌ಲಿಷ್, ಬ್ಯಾಗಿನಿಂದ ಚಿತ್ರಾನ್ನದ ಡಬ್ಬಿ ತೆಗೆದರೆ ತುಂಬಾ ಪೈನ್‌ಲಿಷ್. ದಿನಕ್ಕೆ ಇಷ್ಟು ಸಲ ಕೇಳಿಸಿಕೊಂಡ ಮಾತು ಕಿವಿಗೆ ಬೀಳುವುದನ್ನು ಎಂದೋ ಬಿಟ್ಟಿತ್ತು.

ಮೂರು ಗಂಟೆ ಕಾರಿನಲ್ಲಿ ಹೋಗಿ ಗಣಿಯ ಬಾಯಿಗೆ ಮುಟ್ಟಿದರೆ ಬಾಗಿಲಿಗೆ ಬೀಗ. ಮೇಲೊಂದು ಕಾಗದ ಅಂಟಿಸಿದ್ದರು. ಇವತ್ತು ಗೆಶ್ಲೊಸ್ಸೆನ್, ಅಂದರೆ ಮುಚ್ಚಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ಸಾಲು ಇತ್ತು. ಅದನ್ನು ಓದಲಿಲ್ಲ. ನಮ್ಮದು ಇಂಗ್ಲಿಷಿನಲ್ಲೇ ನಡೆಯುವ ಆಫೀಸು. ಇಷ್ಟು ವರ್ಷದಲ್ಲಿ ನಾವು ಕಲಿತ ಜರ್ಮನ್ ಯಾವುದೇ ಬೋರ್ಡಿನ ಮೊದಲ ಪದಕ್ಕೆ ಸಾಕಾಗುತ್ತದೆ. ಮುಚ್ಚಿದೆ, ನಿಷೇಧಿಸಿದೆ, ತಳ್ಳಿ, ಎಳೆಯಿರಿ. ಕಾರಣವನ್ನು ಅವರು ಯಾವಾಗಲೂ ಕೆಳಗೆ ಬರೆಯುತ್ತಾರೆ, ನಾವು ಯಾವಾಗಲೂ ಮೇಲಿನದಕ್ಕೇ ಸಿಟ್ಟು ಮಾಡಿಕೊಂಡು ಹೊರಡುತ್ತೇವೆ. "ಬ್ರುಕೆನ್‌ಟಾಗ್ ದಿನ ಟೂರಿಸ್ಟ್ ಪ್ಲೇಸ್ ಕ್ಲೋಸ್ ಮಾಡ್ತಾರಲ್ಲ, ಎಂಥ ಜನ" ಎಂದು ಶ್ರೀಧರ ಗೊಣಗಿದ.

ಊರೊಳಗೆ ನಡೆದೆವು. ಚಿನ್ನದ ಊರಿನಲ್ಲಿ ಚಿನ್ನ ಕಾಣಿಸುವುದಿಲ್ಲ ಎನ್ನುವುದು ಅಲ್ಲಿಗೆ ಹೋದ ಮೇಲೇ ತಿಳಿದದ್ದು. ಗಾಡಿಗಟ್ಟಲೆ ಕಲ್ಲು ಕುಟ್ಟಿ ತೊಳೆದರೆ ಒಂದು ಮೂಗುಬೊಟ್ಟಿಗಾಗುವಷ್ಟು ಸಿಕ್ಕರೆ ಹೆಚ್ಚಂತೆ. ಸಿಕ್ಕಷ್ಟೂ ಯಾರದೋ ಖಜಾನೆಗೆ ಹೋಗಿ, ಊರಿಗೆ ಉಳಿದಿರುವುದು ಬೀದಿಗಳ ಹೆಸರು, ಚೌಕದಲ್ಲಿ ನಿಲ್ಲಿಸಿದ ಹಳೆಯ ಅದಿರಿನ ತಳ್ಳುಗಾಡಿ, ಅದರೊಳಗೆ ನೆಟ್ಟ ಜೆರೇನಿಯಂ ಹೂವು. ಆ ಗಾಡಿಯ ಮುಂದೆ, ಬಾವಿಯ ಮುಂದೆ, ಪುರಸಭೆಯ ಮುಂದೆ ನಿಂತು ತೆಗೆಸಿಕೊಂಡೆ. ಅಂಗಡಿಗಳು ಮುಚ್ಚಿದ್ದವು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಷ್ಟು ಒಳ್ಳೆಯ ಪರದೆಗೆ ಜನವಿಲ್ಲದೆ ಕಳೆಯಿಲ್ಲವಲ್ಲ ಎಂದುಕೊಳ್ಳುತ್ತಿರುವಾಗ ಚರ್ಚಿನ ಗಂಟೆ ಬಾರಿಸಿತು, ಹಿಂದೆಯೇ ವಾದ್ಯ ಕೇಳಿಸಿತು.

ಚರ್ಚಿನ ತಿರುವಿನಿಂದ ಒಂದು ಮೆರವಣಿಗೆ ಬಂತು. ಕಪ್ಪು ಅಂಗಿಗೆ ಹಿತ್ತಾಳೆ ಗುಂಡಿ, ಟೋಪಿಯ ಮೇಲೆ ಗರಿಯ ತುರಾಯಿ, ಕೈಯಲ್ಲಿ ಗಣಿಯ ದೀಪ. ಹಳೆಯ ಕಾಲದ ಗಣಿಗಾರರ ವೇಷ ಹಾಕಿದ ಗಂಡಸರು ಎರಡು ಸಾಲಿನಲ್ಲಿ, ಮುಂದೆ ಊದುವವರು. ಸಾಲುಗಳ ನಡುವೆ ಒಬ್ಬರು ಎರಡೂ ಕೈಯಲ್ಲಿ ಹಿತ್ತಾಳೆ ಬಣ್ಣದ ಒಂದು ಪಾತ್ರೆ ಹಿಡಿದು, ಅದಕ್ಕೆ ಹೂವಿನ ಹಾರ ಸುತ್ತಿ, ತುಳುಕಬಾರದು ಎನ್ನುವಂತೆ ನಿಧಾನವಾಗಿ ನಡೆಯುತ್ತಿದ್ದರು. ನಾವು ಹುಟ್ಟಿದಾಗಿನಿಂದ ವಾದ್ಯದ ಹಿಂದೆ ಹೂ ಸುತ್ತಿದ ಪಾತ್ರೆ ಬರುವುದನ್ನು ನೋಡಿದವರು. ಅದು ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಶ್ರೀ, ಕಳಶ ನೋಡು, ಥೇಟ್ ನಮ್ಮ ಪೂರ್ಣಕುಂಭ. ಚಿನ್ನದ ಕೊಡ ಮಾಡಿದಾರೆ. ಬೇಗ ತೆಗಿ, ನನ್ ಪಕ್ಕಕ್ಕೆ ಬರ್ಬೇಕು ಅದು."

"ಇನ್ನೂ ಎಡಕ್ಕೆ ಬಾ ಸುಮಾ. ಟ್ರಂಪೆಟ್‌ನವ್ನು ನಿನ್ ತಲೆ ಹಿಂದೆ ಹೋಗ್ತಿದಾನೆ."

ನಾನು ಎಡಕ್ಕೆ ಬಂದೆ, ಬಲಕ್ಕೆ ಹೋದೆ, ಮೆರವಣಿಗೆಯ ಪಕ್ಕದಲ್ಲೇ ಹಿಂದಕ್ಕೆ ನಡೆದೆ. ಸೆರಗು ಹಾರಿಸಿದೆ, ಎರಡು ಬೆರಳು ಎತ್ತಿದೆ. ಯಾರೂ ನಗುತ್ತಿರಲಿಲ್ಲ. ಜರ್ಮನ್ನರು ಜಾತ್ರೆಯನ್ನೂ ಆಫೀಸಿನ ಮೀಟಿಂಗಿನ ಹಾಗೆ ಮಾಡುತ್ತಾರೆ ಎಂದುಕೊಂಡು ನಾನೇ ಎಲ್ಲರ ಪರವಾಗಿಯೂ ನಕ್ಕೆ. ಪಾತ್ರೆಯ ಹಿಂದೆ ಕಪ್ಪು ಕೋಟು ಹಾಕಿದ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಡೆಯುತ್ತಿದ್ದರು. ಅವರ ಕಣ್ಣಿಗೆ ಕಣ್ಣು ಸಿಕ್ಕಾಗ ತಲೆಯಾಡಿಸಿ, ಬಹಳ ಚೆನ್ನಾಗಿದೆ ಎಂದು ಹೆಬ್ಬೆರಳು ತೋರಿಸಿದೆ. ಅನಘಾ ಮುಚ್ಚಿದ ಬೇಕರಿಯ ಗೋಡೆಗೆ ಅಂಟಿಕೊಂಡು, "ಅಮ್ಮ, ಪ್ಲೀಸ್, ಇದು ಪೈನ್‌ಲಿಷ್, ಬಾ ಹೋಗೋಣ" ಅನ್ನುತ್ತಿದ್ದಳು. ಅಷ್ಟರಲ್ಲಿ ಕೂಲಿಂಗ್ ಗ್ಲಾಸ್ ಜಾರಿ ಕಲ್ಲು ಹಾಸಿನ ಮೇಲೆ ಬಿತ್ತು. ಯಾರಾದರೂ ತುಳಿದಾರು ಎಂದು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಮೆರವಣಿಗೆ ಮುಂದಕ್ಕೆ ಹೋಯಿತು.

ಇನ್ನೊಂದು ಗಂಟೆ ಊರು ಸುತ್ತುವಷ್ಟರಲ್ಲಿ ಹಸಿವಾಗಿತ್ತು. ತೆರೆದಿದ್ದ ಗಾಸ್ಟ್‌ಹೋಫ್, ಅಂದರೆ ಊಟದ ಹೋಟೆಲು, ಒಂದೇ. ಹೊರಗಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು, ಇವತ್ತಿನ ಊಟದ ಪಟ್ಟಿ ಇರಬೇಕೆಂದು ನೇರ ಒಳಗೆ ಹೋದೆವು. ಒಳಗೆ ಅದೇ ಗರಿಯ ಟೋಪಿಗಳವರು ಬರಿತಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಎಲ್ಲರ ಮೈಮೇಲೂ ಕಪ್ಪು ಬಟ್ಟೆ. ಮೂಲೆಯ ಮೇಜಿನ ಮೇಲೆ ಮುದುಕರೊಬ್ಬರ ಫೋಟೋ, ಅದರ ಮುಂದೆ ಉರಿಯುವ ಮೇಣದ ಬತ್ತಿ, ಪಕ್ಕದಲ್ಲಿ ಗರಿಯ ಒಂದು ಟೋಪಿ. ಹಿಂದಿನಿಂದ ಬಂದ ಅನಘಾ ನನ್ನ ಸೆರಗು ಜಗ್ಗಿದಳು. "ಅಮ್ಮ, ಬೋರ್ಡಲ್ಲಿ ಟ್ರಾವರ್‌ಫೈಯರ್ ಅಂತ ಇದೆ. ಯಾರೋ ತೀರ್ಕೊಂಡಿದಾರೆ. That was the ashes, Amma."

ಹಿತ್ತಾಳೆಯ ಕೊಡದಲ್ಲಿದ್ದದ್ದು ಸತ್ತವರ ಬೂದಿ. ಕೂಡಲೇ ನನ್ನ ಮೈಮೇಲಿನ ಸೀರೆ ಹೊತ್ತಿಕೊಂಡ ಹಾಗಾಯಿತು. ಕಪ್ಪು ಬಟ್ಟೆಗಳ ಆ ಕೋಣೆಯಲ್ಲಿ ಅರಿಶಿನ ಬಣ್ಣದ ರೇಷ್ಮೆಯುಟ್ಟು, ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ನಿಂತವಳಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸುವುದು ಸಹಜ. ಗಣಿಯ ಊರಾದರೂ ನೆಲ ಬಾಯಿ ಬಿಡಲಿಲ್ಲ. ನಮ್ಮೂರಿನಲ್ಲಿ ತಮಟೆ ಬಡಿದುಕೊಂಡು ಹೋಗುವ ಶವಯಾತ್ರೆ ನಾನು ನೋಡಿಲ್ಲವೇ? ವಾದ್ಯ ಸಾವಿಗೂ ಇರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಅಲ್ಲಿ ರಸ್ತೆಯ ಪಕ್ಕಕ್ಕೆ ಸರಿದು ನಿಲ್ಲುವ ನಾನೇ ಇಲ್ಲಿ ಹೆಬ್ಬೆರಳು ತೋರಿಸಿದ್ದೆ. ಅದೂ ಯಾರಿಗೆ? ಕಪ್ಪು ಕೋಟಿನ ಅದೇ ಹೆಂಗಸು ಎದ್ದು ನನ್ನ ಕಡೆಗೇ ಬರುತ್ತಿದ್ದರು.

ಕೇಳದೆ ಬೇರೆಯವರ ಫೋಟೋ ತೆಗೆಯುವುದು ಇಲ್ಲಿ ಹುಡುಗಾಟವಲ್ಲ. ಬೈಗುಳಕ್ಕೆ, ಬೇಕಾದರೆ ಪೊಲೀಸಿಗೂ ಸಿದ್ಧಳಾಗಿ, ಬಂದಷ್ಟು ಜರ್ಮನ್ನಿನಲ್ಲಿ ಕ್ಷಮೆ ಕೇಳತೊಡಗಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಮ್ಮ ಹೆಸರು ಕ್ರಾಮರ್, ತೀರಿಕೊಂಡವರು ತಮ್ಮ ತಂದೆ ಎಂದರು. ಮಣ್ಣು ಕುಸಿದು ಮುಚ್ಚಿಹೋಗಿದ್ದ ಚಿನ್ನದ ಸುರಂಗವನ್ನು ತಂದೆಯೂ ಅವರ ಗೆಳೆಯರೂ ಎಷ್ಟೋ ವರ್ಷ ಶನಿವಾರ ಶನಿವಾರ ತೋಡಿ ತೆಗೆದು, ನಮ್ಮಂಥವರಿಗೆ ತೋರಿಸಲು ತೆರೆದಿಟ್ಟಿದ್ದರಂತೆ. ಗಣಿಗೆ ಇವತ್ತು ಬೀಗ ಬಿದ್ದದ್ದು ಅದಕ್ಕೆ. ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು: "ನೀವು ಬೀದಿಯಲ್ಲಿ ಬಹಳ ಫೋಟೋ ತೆಗೆದಿರಿ ಅಲ್ಲವೇ? ನನಗೆ ಒಂದು ಬೇಕಿತ್ತು."

ಅವರ ತಾಯಿ ಫ್ಲೆಗೆಹೈಮಿನಲ್ಲಿದ್ದಾರೆ, ವೃದ್ಧರ ಆರೈಕೆಯ ಮನೆಯಲ್ಲಿ. ಹಾಸಿಗೆ ಬಿಟ್ಟು ಏಳಲಾರರು. ಗಂಡನನ್ನು ಕಳಿಸಿಕೊಡಲು ಯಾರು ಯಾರು ಬಂದಿದ್ದರು, ವಾದ್ಯದವರು ಇದ್ದರೇ, ಗೆಳೆಯರೆಲ್ಲ ಸಮವಸ್ತ್ರದಲ್ಲಿ ಬಂದರೇ ಎಂದು ಆಗಲೇ ಫೋನಿನಲ್ಲಿ ಕೇಳುತ್ತಿದ್ದಾರಂತೆ. ತೋರಿಸಲು ಏನೂ ಇಲ್ಲ. ಇಂಥ ಹೊತ್ತಿನಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದು ಇಲ್ಲಿ ಯಾರಿಗೂ ತೋಚುವುದಿಲ್ಲ. ಇಡೀ ಊರಿನಲ್ಲಿ ಫೋಟೋ ತೆಗೆದವರು ನಾವು ಮಾತ್ರ.

ಅವರು ನಮ್ಮನ್ನು ಕೂರಿಸಿ ಕಾಫಿ, ಕೇಕು ಕೊಡಿಸಿದರು. ನಾನು ಸೀರೆಯ ಮೇಲೆ ಶ್ರೀಧರನ ಜಾಕೆಟ್ ಹಾಕಿಕೊಂಡು ಕುತ್ತಿಗೆಯವರೆಗೆ ಜಿಪ್ ಎಳೆದು, ಕೇಕನ್ನು ಒಂದು ತುಣುಕೂ ಬಿಡದೆ ತಿಂದೆ. ಅವರ ನಂಬರು ತೆಗೆದುಕೊಂಡು, ಸಂಜೆಯೊಳಗೆ ಖಂಡಿತ ಕಳಿಸುತ್ತೇನೆ ಎಂದೆ. ಒಂದು ಒಳ್ಳೆಯ ಕೆಲಸವಾದರೂ ಆಗುತ್ತದಲ್ಲ ಎಂಬ ಧೈರ್ಯದಲ್ಲಿ ಕಾರಿಗೆ ಬಂದು ಫೋನು ತೆರೆದೆ.

ಮೊದಲನೆಯದರಲ್ಲಿ ಅಸ್ಥಿಪಾತ್ರೆ ಇರಬೇಕಾದಲ್ಲಿ ನನ್ನ ತಲೆ ಇತ್ತು. ಎರಡನೆಯದರಲ್ಲಿ ವಾದ್ಯದವರ ಮೇಲೆ ನನ್ನ ಎರಡು ಬೆರಳು. ಮೂರನೆಯದರಲ್ಲಿ ಗೆಳೆಯರ ಒಂದಿಡೀ ಸಾಲನ್ನು ನನ್ನ ಸೆರಗು ನುಂಗಿತ್ತು. ಸರಿಸಿದೆ, ಸರಿಸಿದೆ, ಮುಗಿಯದಷ್ಟು ಫೋಟೋಗಳಲ್ಲಿ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಒಬ್ಬ ಮನುಷ್ಯನ ಕೊನೆಯ ಯಾತ್ರೆ ನನ್ನ ಕಿವಿಯ ಹಿಂದೆ, ಕಂಕುಳ ಸಂದಿಯಲ್ಲಿ, ಅಷ್ಟಿಷ್ಟು ಕಾಣಿಸುತ್ತಿತ್ತು. ನನ್ನ ಮುಖವನ್ನು ಅಷ್ಟು ಹೊತ್ತು, ಅಷ್ಟು ಬೇಸರದಿಂದ ನಾನು ಎಂದೂ ನೋಡಿರಲಿಲ್ಲ. "ಕ್ರಾಪ್ ಮಾಡಿದ್ರೆ?" ಅಂದ ಶ್ರೀಧರ. ಕ್ರಾಪ್ ಮಾಡಿದರೆ ಅರ್ಧ ಟ್ರಂಪೆಟ್ ಉಳಿಯುತ್ತಿತ್ತು.

"ಕೊಡು, ನಿನ್ನ ಎರೇಸ್ ಮಾಡ್ತೀನಿ" ಎಂದು ಅನಘಾ ಫೋನು ಕಸಿದುಕೊಂಡಳು. ಬೆರಳಿನಿಂದ ನನ್ನ ಸುತ್ತ ಒಂದು ಗೆರೆ ಎಳೆದಳು, ನಾನು ಹೋದೆ. ಇಷ್ಟು ಸುಲಭವೇ ಎಂದು ಒಂದು ಕ್ಷಣ ಕಸಿವಿಸಿಯೂ ಆಯಿತು. ಆದರೆ ನಾನಿದ್ದ ಜಾಗವನ್ನು ಖಾಲಿ ಬಿಡಲು ಫೋನಿಗೆ ಇಷ್ಟವಿರಲಿಲ್ಲ. ಅಲ್ಲಿ ಅದು ತಾನೇ ಇಬ್ಬರನ್ನು ಹುಟ್ಟಿಸಿ ನಿಲ್ಲಿಸಿತ್ತು. ಗರಿಯ ಟೋಪಿ, ಕಪ್ಪು ಅಂಗಿ, ಎಲ್ಲ ಸರಿ. ಮುಖ ಮಾತ್ರ ಯಾರದೂ ಅಲ್ಲ, ಒಬ್ಬನಿಗೆ ಮೂರು ಕೈ. ಯಾರು ಯಾರು ಬಂದಿದ್ದರು ಎಂದು ಕೇಳುತ್ತಾ ಮಲಗಿರುವ ಆ ತಾಯಿಗೆ ಹುಟ್ಟಿಯೇ ಇರದವರನ್ನು ತೋರಿಸುವುದು ಹೇಗೆ? ಅಳಿಸಿದ್ದನ್ನು ರದ್ದು ಮಾಡಿ, ನನ್ನನ್ನು ವಾಪಸ್ಸು ತರಿಸಿದೆವು.

ಕೊನೆಗೆ ಸಿಕ್ಕಿತು. ಶ್ರೀಧರ ವೇಸ್ಟ್ ಎಂದು ಡಿಲೀಟ್ ಮಾಡಲು ಬೇರೆ ಇಟ್ಟಿದ್ದವುಗಳಲ್ಲಿ ಒಂದು. ಅದರಲ್ಲಿ ನಾನು ಕೂಲಿಂಗ್ ಗ್ಲಾಸ್ ಎತ್ತಿಕೊಳ್ಳಲು ಸೊಂಟದಿಂದ ಬಗ್ಗಿದ್ದೆ, ಹಾಗಾಗಿ ನನ್ನ ಮೇಲೆ ಜಗತ್ತು ಪೂರ್ತಿ ಕಾಣಿಸುತ್ತಿತ್ತು. ಊದುವವರು, ದೀಪ ಹಿಡಿದವರು, ಹಾರ ಸುತ್ತಿದ ಪಾತ್ರೆ, ಅದರ ಹಿಂದೆ ಫ್ರೌ ಕ್ರಾಮರ್ (ಫ್ರೌ ಎಂದರೆ ಶ್ರೀಮತಿ), ಒಬ್ಬೊಬ್ಬರ ಮುಖವೂ ಸ್ಪಷ್ಟ. ಕೆಳಗಿನ ಮೂಲೆಯಲ್ಲಿ ನನ್ನ ಬಾಗಿದ ಬೆನ್ನು, ಜರಿಯಂಚು. ಕಳಿಸಿದೆ.

ಮೂರು ನಾಲ್ಕು ದಿನವಾದ ಮೇಲೆ ಉತ್ತರ ಬಂತು. ತಾಯಿ ಬಹಳ ಹೊತ್ತು ನೋಡಿದರು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಗುರುತಿಸಿದರು ಎಂದಿತ್ತು. ಕೊನೆಯಲ್ಲಿ ಇನ್ನೊಂದು ಮಾತು. ಈ ಬಂಗಾರದ ಬಟ್ಟೆಯ ಹೆಂಗಸು ಯಾರು, ನಮ್ಮವರಿಗೆ ಇಷ್ಟು ಬಗ್ಗಿ ನಮಸ್ಕಾರ ಮಾಡುತ್ತಿದ್ದಾಳಲ್ಲ ಎಂದು ಕೇಳಿದರಂತೆ. ಅವಳು ಭಾರತದಿಂದ ಬಂದ ಅತಿಥಿ, ಅವರ ಕಡೆ ಸತ್ತವರಿಗೆ ಹೀಗೆ ಬಗ್ಗುತ್ತಾರೆ ಎಂದು ಫ್ರೌ ಕ್ರಾಮರ್ ಹೇಳಿದರಂತೆ. ತಾಯಿ ಆ ಫೋಟೋವನ್ನು ದಿಂಬಿನ ಪಕ್ಕದಲ್ಲಿ ಇಡಿಸಿಕೊಂಡಿದ್ದಾರಂತೆ.

ಬೈಸಿಕೊಂಡಿದ್ದರೆ ಅಲ್ಲಿಗೆ ಮುಗಿದಿರುತ್ತಿತ್ತು. ಮಾಡದ ನಮಸ್ಕಾರಕ್ಕೆ ಹೊಗಳಿಸಿಕೊಂಡವಳ ಪಾಡು ನಿಮಗೆ ಹೇಗೆ ಹೇಳಲಿ? ನಿಜ ಬರೆಯೋಣವೆಂದು ಫೋನು ತೆಗೆಯುವುದು, ಅಷ್ಟು ಬರೆಯುವುದು, ಅಳಿಸುವುದು. "ಬಿಡು ಸುಮಾ, ಆ ಅಜ್ಜಿಗೆ ಖುಷಿಯಾಯ್ತಲ್ಲ" ಅಂದ ಶ್ರೀಧರ. ಅನಘಾ ಊಟದ ತಟ್ಟೆಯಿಂದ ತಲೆಯೆತ್ತದೆ, "ಆದ್ರೆ ಅದು ಸುಳ್ಳು ಅಲ್ವಾ?" ಅಂದಳು. ಬೇಸಿಗೆಯೆಲ್ಲ ಆ ಪ್ರಶ್ನೆ ನನ್ನ ಜೊತೆ ಆಫೀಸಿಗೆ ಬಂತು, ಹೋಯಿತು. ಆ ಫೋಟೋಗಳಲ್ಲಿ ಒಂದನ್ನೂ ಗುಂಪಿಗೆ ಹಾಕಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಮೊದಲೇ ತಿಳಿಸಿದ್ದರಿಂದ ಫ್ರೌ ಕ್ರಾಮರ್ ಸ್ಮಶಾನದ ಗೇಟಿನಲ್ಲಿ ಕಾದಿದ್ದರು. ಈ ಸಲ ನಾನು ಕಪ್ಪು ಕೋಟು ಹಾಕಿದ್ದೆ. ಸಮಾಧಿ ಚಿಕ್ಕದು, ಮೇಲೆ ಗಣಿಯಿಂದ ತಂದ ಒಂದು ಬಿಳಿ ಕಲ್ಲು. ದಾರಿಯುದ್ದಕ್ಕೂ ಜರ್ಮನ್ನಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿದೆ: ಆ ದಿನ ನಾನು ನಿಮ್ಮ ತಂದೆಗೆ ನಮಸ್ಕಾರ ಮಾಡಲಿಲ್ಲ, ನನ್ನ ಕೂಲಿಂಗ್ ಗ್ಲಾಸ್ ಬಿದ್ದಿತ್ತು.

"ಗೊತ್ತು" ಎಂದರು ಅವರು. "ನಾನು ಅಪ್ಪನ ಹಿಂದೆಯೇ ನಡೆಯುತ್ತಿದ್ದೆನಲ್ಲ. ಬಿದ್ದದ್ದನ್ನೂ ನೋಡಿದೆ. ನೀವು ಹೆಬ್ಬೆರಳು ತೋರಿಸಿದ್ದನ್ನೂ ನೋಡಿದೆ."

ಗಾಸ್ಟ್‌ಹೋಫಿನಲ್ಲಿ ಆಗಿದ್ದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಎಲ್ಲವನ್ನೂ ನೋಡಿಯೇ ಅವರು ನನಗೆ ಕೇಕು ಕೊಡಿಸಿದ್ದರು. ಎಲ್ಲವೂ ಗೊತ್ತಿದ್ದೇ ತಾಯಿಯ ಮುಂದೆ ನನ್ನ ಮಾನ ಉಳಿಸಿದ್ದರು. ಸಮಾಧಿಗೆ ಕೈ ಮುಗಿದು, ಸೊಂಟದಿಂದ ಬಾಗಿದೆ. ಕಣ್ಣಲ್ಲಿ ನೀರು ತುಂಬಿ ಬಿಳಿ ಕಲ್ಲು ಮಸುಕಾಯಿತು. ಹಿಂದೆ ಅನಘಾ ಫೋನು ಎತ್ತಿದ್ದು ಗೊತ್ತಾಗಿ, ಬಾಗಿಕೊಂಡೇ, "ಪೈನ್‌ಲಿಷ್, ಪುಟ್ಟಿ, ಬೇಡ" ಎಂದು ಹಲ್ಲು ಕಚ್ಚಿ ಹೇಳಿದೆ. ತೆಗೆಯಲಿ ಬಿಡಿ ಎಂದು ಫ್ರೌ ಕ್ರಾಮರ್ ತಡೆದರು. ತಾಯಿಗೆ ಹೇಳಿದ ಸುಳ್ಳನ್ನು ನಿಜ ಮಾಡಲು ಅವರಿಗೂ ಇದೊಂದು ಬೇಕಿತ್ತಂತೆ.

ಆ ಫೋಟೋ ಈಗ ನನ್ನ ಫೋನಿನಲ್ಲಿ ಮೊದಲನೆಯದರ ಪಕ್ಕದಲ್ಲೇ ಇದೆ. ಆಗಾಗ ಎರಡನ್ನೂ ತೆಗೆದು ನೋಡುತ್ತೇನೆ. ಮೊದಲನೆಯದರಲ್ಲಿ ನಾನು ಭಕ್ತಿಯೇ ಮೈವೆತ್ತ ಹಾಗಿದ್ದೇನೆ. ನಿಜವಾಗಿ ಬಾಗಿದ ಎರಡನೆಯದರಲ್ಲಿ ಏನನ್ನೋ ಬೀಳಿಸಿಕೊಂಡು ಹುಡುಕುತ್ತಿರುವವಳ ಹಾಗೆ ಕಾಣುತ್ತೇನೆ.